ಇಬ್ಬರ ಸೀಟು

ಸ್ನೇಹಿತರೇ, ಇವತ್ತು ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಚೆನ್ನಾಗಿ ಬೈಸಿಕೊಂಡೆ.

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿ ಎರಡು ತಿಂಗಳಾಗುತ್ತಾ ಬಂತು. ಒಬ್ಬಳೇ ಹೊರಗೆ ಹೊರಟದ್ದು ಇವತ್ತೇ. ಬೋವಿಕಾನದಲ್ಲಿ ಹತ್ತಿ, ಹೊಲಿಗೆಯ ಜಾಗಕ್ಕೆ ಏನೂ ತಾಗದಂತೆ ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಕಿಟಕಿಯ ಪಕ್ಕ ಕೂತಿದ್ದೆ.

ಚೆರ್ಕಳದಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಸೀಟಿನ ಬಳಿ ಬಂದರು. ನಾನು ಎಂದಿನಂತೆ, "ಜಾಗ ಸಾಲದು ಅಕ್ಕ, ನಿಮಗೆ ಕಷ್ಟ ಆಗ್ತದೆ" ಎಂದೆ. ವರ್ಷಗಳಿಂದ ಹೀಗೇ ಹೇಳುತ್ತಿದ್ದೇನೆ. ಕೇಳಿದವರು ನನ್ನನ್ನೊಮ್ಮೆ ನೋಡಿ, ನಿಂತೇ ಪ್ರಯಾಣ ಮಾಡುತ್ತಿದ್ದರು.

ಇವರು ರೇಗಿದರು. "ಎಂತ ಸಾಲದು? ಇಷ್ಟು ಜಾಗ ಉಂಟಲ್ಲ! ಇಬ್ಬರ ಸೀಟಲ್ಲಿ ಒಬ್ಬರೇ ಕೂತ್ಕೊಳ್ಳಲಿಕ್ಕೆ ಬಸ್ಸು ನಿಮ್ಮದಾ?"

ತಿರುಗಿ ನೋಡಿದೆ. ನಿಜವಾಗಿಯೂ ಜಾಗವಿತ್ತು. ಅವರು ಧೊಪ್ಪನೆ ಕೂತರು. ನನಗೆ ತಾಗಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಬಸ್ಸಿನಲ್ಲಿ ನೆಮ್ಮದಿಯಾಗಿ ಉಸಿರಾಡಿದೆ. ಅವರ ಗೊಣಗಾಟ ಮಾತ್ರ ಕಾಸರಗೋಡಿನವರೆಗೂ ನಿಲ್ಲಲಿಲ್ಲ.

ಇಳಿಯುವಾಗ ಥ್ಯಾಂಕ್ಸ್ ಹೇಳಿದೆ. "ಎಂತಕ್ಕೆ? ಬೈದದ್ದಕ್ಕಾ?" ಎಂದು ಕಣ್ಣರಳಿಸಿದರು.

ಹೌದು ಮಾರಾಯ್ರೆ, ಬೈದದ್ದಕ್ಕೇ.