ಬೀಳ್ಕೊಡುಗೆಯ ಮರುದಿನ

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಒಂದು ಮೋಟಾರಿಗೆ ವಾರ್ನಿಷ್ ಹಾಕಿ ಒಣಗಲು ಇಟ್ಟಿದ್ದರು. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ನಾಲ್ಕು ವರ್ಷಗಳ ಹಿಂದೆ ಇದೇ ವಾಸನೆಯ ನಡುವೆ ನಾನು ಮಾಡಿದ ಭಾಷಣ ನೆನಪಾಗುತ್ತದೆ. ಭಾಷಣ ಕೆಟ್ಟದಾಗಿತ್ತು ಎಂದಲ್ಲ. ಅದರಲ್ಲಿ ಇರಲೇಬೇಕಾಗಿದ್ದ ಒಂದು ವಾಕ್ಯ ಇರಲಿಲ್ಲ, ಅಷ್ಟೆ.

ಕೊಪ್ಪದಲ್ಲಿ ನನ್ನದು ಸುಟ್ಟ ಮೋಟಾರು ರಿಪೇರಿ ಮಾಡುವ ಅಂಗಡಿ. ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದಲೂ ಪಂಪುಗಳು ಬರುತ್ತವೆ. ಬೇಗಾರಿನ ಸುಬ್ಬಣ್ಣ, ನಾನು ಅಂಗಡಿ ತೆರೆದ ವರ್ಷವೇ ಕೆಲಸಕ್ಕೆ ಸೇರಿದವರು. ಮೋಟಾರಿನೊಳಗಿನ ಸುಟ್ಟ ತಂತಿ ತೆಗೆದು ಹೊಸದು ಸುತ್ತುವುದು ಅವರ ಕೆಲಸ. ಮೂವತ್ತು ವರ್ಷ ಸುತ್ತಿದರು. ಅರವತ್ತಾರಾಗುವ ಹೊತ್ತಿಗೆ ಸಂಜೆ ನಾಲ್ಕರ ಮೇಲೆ ಕೈ ನಿಧಾನವಾಗತೊಡಗಿತು. ಕೂತರೆ ಏಳುವುದಕ್ಕೆ ಗೋಡೆ ಹಿಡಿಯುತ್ತಿದ್ದರು. ಒಂದು ದಿನ ಅವರು ಎತ್ತಿದ ಮೋಟಾರು ಜಾರಿ ನನ್ನ ಪಾದದ ಪಕ್ಕ ಬಿತ್ತು. ಇವರಿಗೆ ವಯಸ್ಸಾಯಿತು ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಪಾದ ನನ್ನದಾದ್ದರಿಂದ ತೀರ್ಮಾನ ಬೇಗ ಆಯಿತು.

ಆದರೆ ಹೇಳುವುದು ಹೇಗೆ? ನಾನು ಅಂಥ ಧೈರ್ಯವಂತನಲ್ಲ. ಅದಕ್ಕೇ ಸಮಾರಂಭ ಇಟ್ಟುಕೊಂಡೆ. ಅಂಗಡಿಯ ಮುಂದೆ ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಹಣ್ಣು ಕೊಟ್ಟು, ಅವರ ಸೇವೆಯನ್ನು ಹೊಗಳಿದೆ. "ನಾಳೆಯಿಂದ ಬರಬೇಡಿ" ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಶಾಲು ಹೊದಿಸಿದ ಮೇಲೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ?

ಸುಬ್ಬಣ್ಣನಿಗೆ ಆಗಲಿಲ್ಲ. ಮರುದಿನ ನಾನು ಬರುವಾಗ ಅವರು ಎಂದಿನಂತೆ ಏಳು ಗಂಟೆಯ ಬಸ್ಸಿಗೆ ಬಂದು, ಬಾಗಿಲು ತೆಗೆದು, ನೆಲದ ಮೇಲೆ ಕೂತು ತಂತಿ ಬಿಡಿಸುತ್ತಿದ್ದರು.

"ನಿನ್ನೆ ಫಂಕ್ಷನ್ ಭಾರೀ ಚೆನ್ನಾಗಿತ್ತು ಮಾರಾಯ್ರೆ. ಕೈಯಿಂದ ಮೋಟಾರ್ ಬೀಳಿಸಿದವನಿಗೂ ಸನ್ಮಾನ ಮಾಡ್ತಾರೆ ನಮ್ಮ ಸಾಹುಕಾರ್ರು ಅಂತ ಬಸ್ಸಲ್ಲಿ ಎಲ್ಲರಿಗೂ ಹೇಳ್ಕಂಡು ಬಂದೆ."

ನಾನು ಎರಡು ಚಹಾ ಕುಡಿದೆ. ಆಮೇಲೆ, "ಸುಬ್ಬಣ್ಣ, ಅದು ನಿವೃತ್ತಿಯ ಸನ್ಮಾನ," ಎಂದೆ.

ಅವರು ಕೈಯಲ್ಲಿದ್ದ ತಂತಿಯ ಸುತ್ತು ಮುಗಿಸಿದರು. "ಓ, ಹಂಗಾ," ಎಂದರು. "ಮೊದಲೇ ಹೇಳಿದ್ರೆ ನಾನೂ ಎರಡು ಮಾತಾಡ್ತಿದ್ದೆ." ಸಾಮಾನುಗಳನ್ನು ಒರೆಸಿಟ್ಟು, ಬಂದ ದಾರಿಯಲ್ಲೇ ಹೊರಟುಹೋದರು. ಆ ದಿನ ಅಂಗಡಿಯಲ್ಲಿ ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾನೂ ಕನ್ನಡಿ ನೋಡಲಿಲ್ಲ.

ಎರಡು ತಿಂಗಳಾಯಿತು. ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಗೌಡರೊಬ್ಬರ ಮೋಟಾರು ಮೂರನೇ ಸಲ ಸುಟ್ಟು ಬಂತು. ನಾವು ಎರಡು ಸಲ ಹೊಸ ತಂತಿ ಸುತ್ತಿ ಕೊಟ್ಟಿದ್ದೆವು. ಗೌಡರು ಅದನ್ನು ನನ್ನ ಮುಂದೆ ಇಟ್ಟು, "ಇದನ್ನ ಸುಬ್ಬಣ್ಣನಿಗೆ ತೋರಿಸಿ. ನೀವು ನೋಡೂದು ಸಾಕು," ಎಂದರು.

ಮೋಟಾರನ್ನು ಜೀಪಿಗೆ ಹಾಕಿಕೊಂಡು ಬೇಗಾರಿಗೆ ಹೋದೆ. ಸುಬ್ಬಣ್ಣ ಜಗಲಿಯಲ್ಲಿ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಕಣ್ಣು ಮುಚ್ಚಿ ಮೋಟಾರಿನ ದಂಡವನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರು.

"ತಂತಿ ಸರಿಯಾಗೇ ಸುತ್ತಿದ್ದೀರಿ. ಸುಟ್ಟಿದ್ದು ಅದು, ತಪ್ಪು ಅದರದ್ದಲ್ಲ. ಬೇರಿಂಗ್ ಬಿಗಿ ಹಿಡೀತಾ ಉಂಟು. ಪಾಪ, ಹೊರಲಾರದ್ದನ್ನ ಹೊರ್ತಾ ಇತ್ತು."

"ವಾಪಸ್ ಬನ್ನಿ ಸುಬ್ಬಣ್ಣ."

"ಎಂತಕ್ಕೆ? ಇನ್ನೊಂದು ಶಾಲಿಗಾ?"

ಮೂವತ್ತು ವರ್ಷದಲ್ಲಿ ಕೇಳದ ಪ್ರಶ್ನೆಯನ್ನು ಆಗ ಕೇಳಿದೆ. "ಅಂಗಡೀಲಿ ನಿಮಗೆ ಕಷ್ಟ ಆಗ್ತಿದ್ದದ್ದು ಯಾವುದು?"

ಅವರು ಒಂದೊಂದೇ ಬೆರಳು ಮಡಚಿದರು. "ನೆಲದ ಮೇಲೆ ಕೂರೂದು. ಸಂಜೆ ಆ ಬಲ್ಬಿನ ಬೆಳಕು. ಮೋಟಾರ್ ಎತ್ತೂದು. ಏಳು ಗಂಟೆ ಬಸ್ಸಲ್ಲಿ ನಿಂತ್ಕಂಡು ಬರೂದು."

"ಮತ್ತೆ ಕೆಲಸ?"

"ಕೆಲಸ ಎಂತ ಕಷ್ಟ?"

ನೋಡಿ, ನಾನು ವಯಸ್ಸು ಎಂದುಕೊಂಡಿದ್ದರಲ್ಲಿ ಅರ್ಧ ಒಂದು ಬಲ್ಬು. ಎತ್ತರದ ಮೇಜು ಮಾಡಿಸಿದೆ, ಅದರ ಮೇಲೆ ಒಳ್ಳೆಯ ದೀಪ ಹಾಕಿಸಿದೆ, ಭಾರ ಎತ್ತಲು ಸರಪಳಿಯ ರಾಟೆ ತೂಗುಹಾಕಿಸಿದೆ. ಸುಬ್ಬಣ್ಣ ಕೂರಲು ಜಾಗ ಸಿಗುವ ಹತ್ತು ಗಂಟೆಯ ಬಸ್ಸಿಗೆ ಬಂದು ನಾಲ್ಕಕ್ಕೆ ಹೋಗುವುದೆಂದಾಯಿತು. ಮಧ್ಯಾಹ್ನ ಒಂದು ಗಂಟೆ ಹೊತ್ತು ಉಳಿದವರು ಅವರ ಪಕ್ಕ ಕೂತು, ಕೈಯಲ್ಲಿ ತಿರುಗಿಸಿ ತಪ್ಪು ಹಿಡಿಯುವುದನ್ನು ಕಲಿಯುತ್ತಾರೆ. ಸಮಾರಂಭಕ್ಕೆ ಓಡಾಡಿದಷ್ಟೂ ಇದಕ್ಕೆ ಓಡಾಡಲಿಲ್ಲ. ರಾಟೆ ಮೊದಲ ದಿನ ಸುಬ್ಬಣ್ಣನಿಗೆ ಮುಟ್ಟಲು ಸಿಗಲಿಲ್ಲ. ಉಳಿದ ನಾಲ್ವರೂ ಅದಕ್ಕೇ ಸಾಲು ನಿಂತಿದ್ದರು. ಅವರ ಸೊಂಟಗಳೂ ನೋಯುತ್ತಿದ್ದವಂತೆ. ಹೇಳುವುದಕ್ಕೆ ತಾವೂ ಮುದುಕರಾಗಲಿ ಎಂದು ಕಾಯುತ್ತಿದ್ದರೋ ಏನೋ.

ಈಗ ನನಗೂ ಅರವತ್ತು ದಾಟಿದೆ. ಈಚೆಗೆ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಯಾರಿಗೂ ಹೇಳಿಲ್ಲ, ಎಲ್ಲದಕ್ಕೂ "ಆಯ್ತು ಆಯ್ತು" ಎನ್ನುತ್ತೇನೆ. ಹೋದ ವಾರ ಹಾಗೆ ಆಯ್ತು ಎಂದು, ಶೃಂಗೇರಿ ಕಡೆಯ ನೆಮ್ಮಾರಿಗೆ ಹೋಗಬೇಕಾದ ಪಂಪನ್ನು ನರಸಿಂಹರಾಜಪುರಕ್ಕೆ ಕಳಿಸಿದೆ.

ಇವತ್ತು ಫೋನು ಬಂದಾಗ ನಾನು ಕೈ ಚಾಚುವ ಮೊದಲೇ ಬಿಲ್ಲು ಬರೆಯುವ ಜಯಂತಿ ಎತ್ತಿಕೊಂಡಳು. ಎರಡನೆಯದನ್ನೂ ಅವಳೇ ಎತ್ತಿದಳು. ಏನಿದು ಎಂದು ಕೇಳಿದೆ.

"ಸುಬ್ಬಣ್ಣ ಹೇಳಿದ್ರು. ಇನ್ನು ಫೋನೆಲ್ಲ ನಾನು ತಗೋಬೇಕಂತೆ. ಎದುರು ಬಂದವರ ಹತ್ರ ನೀವು ಮಾತಾಡೂದಂತೆ."

ಸುಬ್ಬಣ್ಣನ ಕಡೆ ತಿರುಗಿದೆ. ಅವರು ಕೆಲಸದಿಂದ ತಲೆ ಎತ್ತಲಿಲ್ಲ.

"ಗಿರಾಕಿ ಬಂದು ನಿಂತಿದ್ದಾರೆ, ನೋಡಿ," ಎಂದರು. ಜೋರಾಗಿ ಮಾತಾಡುವ ಅಭ್ಯಾಸ ಅವರಿಗಿಲ್ಲ. ಆದರೂ ಅದು ನನಗೆ ಪೂರ್ತಿ ಕೇಳಿಸಿತು. ಎದ್ದು ಹೋದೆ.