ಸಿಮ್ಯುಲೇಟರಿಗೆ ಸಿಕ್ಕ ಬಯಲು

ಸೈನ್ಯದ ಹೆಲಿಕಾಪ್ಟರ್ ಪೈಲಟ್‌ಗಳು ಕಂಪ್ಯೂಟರ್ ಮುಂದೆ ಕೂತು ಹಾರಾಟ ಕಲಿಯುತ್ತಾರಲ್ಲ, ಆ ಸಿಮ್ಯುಲೇಟರಿನ ಪರದೆಯಲ್ಲಿ ಕಾಣುವ ನೆಲವನ್ನು ತಯಾರಿಸುವುದು ಆಗ ನನ್ನ ಕೆಲಸ. ಎಂಜಿನ್ ಕೆಟ್ಟಾಗ ಇಳಿಯುವುದನ್ನು ಕಲಿಸಲು ತಿಪಟೂರಿನ ತೆಂಗಿನ ತೋಟಗಳನ್ನು ಆರಿಸಿದ್ದರು. ಅಲ್ಲಿ ಬಯಲು ಸಿಗುವುದೇ ಕಷ್ಟ. ಮೇಲಿಂದ ತೆಗೆದ ಫೋಟೋದಲ್ಲಿ ಬಿಳಿಗೆರೆ ಹತ್ತಿರದ ತೋಟವೊಂದರ ನಡುವೆ ಖಾಲಿ ಜಾಗ ಕಂಡಿತು. ಅಳೆಯಲು ಟೇಪು ಹಿಡಿದು ಹೋದೆ.

ತೋಟದ ಯಜಮಾನರು ಜೊತೆಗೆ ಬಂದರು. ಆ ಜಾಗದ ಅಂಚಿನಲ್ಲಿ ನಿಂತು, "ಷೂ ಬಿಚ್ಬುಡಿ ಸ್ವಾಮಿ," ಅಂದರು. "ನಮ್ಮೋರ್ನೆಲ್ಲ ಮಣ್ಣು ಮಾಡಿರೋದು ಇಲ್ಲೇ. ಅದಕ್ಕೇ ಸಸಿ ಇಡಲ್ಲ. ಹೋದ ತಿಂಗಳು ಮಗಳ್ನೂ ಇಲ್ಲೇ ಮಲಗಿಸಿದ್ವಿ."

ಒಂದು ಗುಡ್ಡೆಯ ಮಣ್ಣು ಇನ್ನೂ ಕೂತಿರಲಿಲ್ಲ. ಟೇಪು ಜೇಬಿಗೆ ಹಾಕಿಕೊಂಡು, ಬಂದ ಕೆಲಸ ಹೇಳಿದೆ. ಅವರು, "ಕಂಪ್ಯೂಟರ್‌ನಾಗೂ ಇಲ್ಲಿ ಇಳಿಸ್ಬ್ಯಾಡಿ ಕಣಪ್ಪ," ಅಂದರು. "ಆಯ್ತು," ಅಂದೆ.

ವಾಪಸ್ ಹೋಗಿ ಪರದೆಯ ಮೇಲೆ ಆ ಜಾಗದ ತುಂಬ ತೆಂಗು ನೆಟ್ಟೆ. ಪರಿಶೀಲನೆಗೆ ಬಂದ ಅಧಿಕಾರಿ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿ, "ಇಲ್ಲದ ಮರ ಇಲ್ಲಿ ಯಾಕಿದೆ?" ಎಂದು ಕೇಳಿದರು. ನಿಜ ಹೇಳದೆ, "ತಪ್ಪಾಗಿದೆ ಸರ್," ಅಂದೆ. ನೆಟ್ಟ ಮರಗಳನ್ನು ಒಂದೊಂದಾಗಿ ನಾನೇ ಕಿತ್ತೆ.

ಆಮೇಲೆ ಪೈಲಟ್‌ಗಳು ದಿನಾ ಅಲ್ಲೇ ಇಳಿದರು. ಅಲ್ಲಿ ಇಳಿದವರೆಲ್ಲ ಬದುಕಿಕೊಳ್ಳುತ್ತಿದ್ದರು ಕೂಡ. ಷೂ ಬಿಚ್ಚುವ ಸೌಲಭ್ಯ ಮಾತ್ರ ಆ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. ಬೇಕೆಂದು ಯಾರೂ ಕೇಳಲೂ ಇಲ್ಲ.