ಜಗದಾಂಬಾ ಮಾಡಿದ ಚೀನೀ ಮರಿಕೋಸು

ಗೋವಿಂದರಾಜನಗರದ ಜಗದಾಂಬಾ ಅಡುಗೆಯನ್ನು ಬಾಯಿಗಿಟ್ಟು ನೋಡುವುದಿಲ್ಲ, ಆದರೂ ಅವರ ಕೈಯಲ್ಲಿ ಉಪ್ಪು ತಪ್ಪುವುದಿಲ್ಲ ಎಂಬುದು ನೆಂಟರಿಷ್ಟರೆಲ್ಲ ಒಪ್ಪಿಕೊಂಡಿದ್ದ ಸಂಗತಿ. ದಾವಣಗೆರೆಯಿಂದ ಸೊಸೆಯಾಗಿ ಬಂದಾಗಿನಿಂದ ದೇವರಿಗೆ ಎಡೆ ಇಡುವ ಮುನ್ನ ಅವರು ಒಂದು ಹನಿ ಸಾರನ್ನೂ ನಾಲಗೆಗೆ ಸೋಕಿಸಿದವರಲ್ಲ. ಎಂಜಲಾದೀತೆಂದು ಮೊದಮೊದಲು ಇದ್ದ ಅಂಜಿಕೆ ಬರುಬರುತ್ತಾ ಬಿರುದಾಗಿ ಮಾರ್ಪಟ್ಟಿತ್ತು. ಕುದಿಯ ಸದ್ದಿಗೆ ಕಿವಿಗೊಟ್ಟು, ಹರಳುಪ್ಪನ್ನು ಅಂಗೈಯಲ್ಲಿ ತೂಗಿ ಹಾಕುವಾಗ ಅವರ ಮುಖದಲ್ಲಿ ತೀರ್ಪು ಕೊಡುವವರ ಗಾಂಭೀರ್ಯವಿರುತ್ತಿತ್ತು.

ಆ ಬಿರುದಿಗೆ ಕುತ್ತು ತಂದದ್ದು ಒಂದು ಭಾನುವಾರ ಮಗ ಗಿರಿರಾಜ್ ಸೂಪರ್ ಮಾರ್ಕೆಟ್ಟಿನಿಂದ ತಂದ ಎರಡು ಪೊಟ್ಟಣ ಬ್ರಸೆಲ್ಸ್ ಸ್ಪ್ರೌಟ್ಸ್. ನಿಂಬೆಹಣ್ಣಿಗಿಂತ ಚಿಕ್ಕದಾದ ಆ ಕೋಸುಗಳನ್ನು ಜಗದಾಂಬಾ ಮರುಕದಿಂದ ನೋಡಿದರು.

"ಲೋ, ಹಾಲು ಬಿಡಿಸೋಕ್ ಮುಂಚೇನೇ ಕಿತ್ಕೊಂಡ್ ಬಂದಿದಾರಲ್ಲೋ!"

ಸೊಸೆ ಐಶ್ವರ್ಯ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಚೀನಾದ ಯಾವುದೋ ಮನೆಯ ಅಜ್ಜಿಯೊಬ್ಬಳು ಇದೇ ಕೋಸನ್ನು ಹುರಿಯುತ್ತಿದ್ದಳು. ಮಾತು ಒಂದಕ್ಷರ ಅರ್ಥವಾಗದಿದ್ದರೂ ಜಗದಾಂಬಾ ಕಣ್ಣು ಕೀಳಲಿಲ್ಲ.

"ಕೈ ನೋಡಿದ್ರೇ ಗೊತ್ತಾಗುತ್ತೆ ಕಣೇ. ಇದು ಹೋಟ್ಲು ಕೈಯಲ್ಲ, ಮನೆ ಕೈ."

ಆದರೆ ಕೊನೆಯಲ್ಲಿ ಅಜ್ಜಿ ಕಡ್ಡಿಗಳಿಂದ ಒಂದು ಹೋಳೆತ್ತಿ ಬಾಯಿಗೆ ಹಾಕಿಕೊಂಡದ್ದೇ ತಡ, ಜಗದಾಂಬಾ ಮೊಬೈಲನ್ನು ಬೋರಲು ಹಾಕಿದರು. "ಛೆ, ಎಡೆಗೆ ಮುಂಚೇನೇ! ಪಾಪ, ಹೇಳ್ಕೊಡೋರಿಲ್ಲ ಅನ್ಸುತ್ತೆ."

ಅಂದು ಊಟಕ್ಕೆ ಬಸವೇಶ್ವರನಗರದಿಂದ ತಮ್ಮ ಜಂಬಣ್ಣ ಬರುವವನಿದ್ದ. ಅವನು ಇಡೀ ಬಳಗದ ವಾರ್ತಾಪ್ರಸಾರ. ಯಾರ ಮನೆಯ ಸಾರು ಕೆಟ್ಟರೂ ಅವನ ಬಾಯಿಯ ಅಡಿಕೆ ಕರಗುವಷ್ಟರಲ್ಲಿ ದಾವಣಗೆರೆಗೆ ಸುದ್ದಿ ಮುಟ್ಟುತ್ತಿತ್ತು. ಹೊಸ ಅಡುಗೆಯಲ್ಲಿ ಎಡವಿದರೆ ಇಷ್ಟು ವರ್ಷದ ಹೆಸರು ಒಂದೇ ಮಧ್ಯಾಹ್ನಕ್ಕೆ ಹೋಗುತ್ತದೆಂಬುದು ಜಗದಾಂಬಾಗೆ ಗೊತ್ತಿತ್ತು.

ಹಾಗಾಗಿ ಅಜ್ಜಿ ಮಾಡಿದಂತೆಯೇ ಮಾಡಿದರು. ಕೋಸುಗಳನ್ನು ಎರಡಾಗಿ ಸೀಳಿ, ಕಾದ ಬಾಣಲೆಯಲ್ಲಿ ಸೀಳು ಕೆಳಗಾಗುವಂತೆ ಮಲಗಿಸಿ, ಕಂದುಬಣ್ಣ ಬರುವವರೆಗೆ ಮುಟ್ಟದೆ ಕಾದರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿದ್ದವು. ಆಮೇಲೆ ಸೋಯಾ ಸಾಸ್. ಆ ಕಪ್ಪು ನೀರನ್ನು ಅವರು ಹುಣಸೆರಸದ ದೂರದ ನೆಂಟನೆಂದು ಭಾವಿಸಿ, ಧಾರಾಳವಾಗಿಯೇ ಸುರಿದು, ಉಪ್ಪಿನ ಭರಣಿಗೆ ಕೈ ಹಾಕಿದರು.

"ಅತ್ತೆ, ಆ ಸಾಸ್‌ನಲ್ಲೇ ಉಪ್ಪು..."

"ಉಪ್ಪಿನ ವಿಷ್ಯ ನನಗೆ ಹೇಳ್ಕೊಡ್ತೀಯೇನೇ?"

ಹರಳುಪ್ಪು ಬಾಣಲೆಗೆ ಬಿತ್ತು.

ಎಡೆಯಾಯಿತು, ತಟ್ಟೆಗಳಿಗೂ ಬಡಿಸಿದ್ದಾಯಿತು. ಜಂಬಣ್ಣನ ದವಡೆ ಒಂದೆರಡು ಸಲ ಆಡಿ ನಿಂತುಬಿಟ್ಟಿತು. ಗಿರಿರಾಜ್ ನೀರಿನ ಚೊಂಬನ್ನೇ ಎತ್ತಿದ.

"ಅಕ್ಕಾ, ಬೇಜಾರ್ ಮಾಡ್ಕೋಬೇಡ," ಎಂದ ಜಂಬಣ್ಣ. "ದೇವರ ಕೋಣೇಲಿ ಒಂದು ಬಿಂದಿಗೆ ನೀರು ಇಟ್ಟಿದೀಯಾ? ಪಾಪ, ಅವನೂ ಇದನ್ನೇ ತಿಂದಿದಾನೆ."

ಜಗದಾಂಬಾ ಒಂದು ಹೋಳು ಬಾಯಿಗಿಟ್ಟುಕೊಂಡು ಕಣ್ಣು ಕಿರಿದು ಮಾಡಿದರು. ಗಿರಿರಾಜ್ ಒಳ್ಳೆಯ ನೆಪವೊಂದನ್ನು ಮುಂದಿಟ್ಟ: "ಸಾಸ್‌ದೇ ತಪ್ಪು ಬಿಡಮ್ಮ." ಆ ನೆಪವನ್ನು ಮುಟ್ಟದೆ ಅವರು ಎದ್ದು ಒಳಗೆ ಹೋದರು. ಐಶ್ವರ್ಯ ಹಿಂಬಾಲಿಸಿದಳು.

ಎರಡನೆಯ ಪೊಟ್ಟಣ ಒಲೆಗೇರಿತು. ಈ ಸಲ ಭರಣಿಯ ಮುಚ್ಚಳ ತೆರೆಯಲಿಲ್ಲ. ಆದರೆ ಸಾಸ್ ಎಷ್ಟು? ಕಿವಿ ಹೇಳಲಿಲ್ಲ, ಅಂಗೈ ಹೇಳಲಿಲ್ಲ. ಅವರು ಬಲ್ಲ ರುಚಿಯೇ ಅದಲ್ಲ. ಒಂದಿಷ್ಟು ಹಾಕಿ, ಸೌಟು ಹಿಡಿದು ನಿಂತರು.

"ಎಡೆ ಆಗೋಯ್ತು, ಅಲ್ವೇನೇ?"

"ಆಗ್ಲೇ ಆಯ್ತಲ್ಲ ಅತ್ತೆ."

"ಹಂಗಾದ್ರೆ ಇನ್ನು ಎಂಜಲಿನ ಮಾತಿಲ್ಲ."

ಕದ್ದು ಬೆಲ್ಲ ತಿನ್ನುವವರಂತೆ ಗೋಡೆಯ ಕಡೆ ತಿರುಗಿ, ಊದಿ, ಒಂದು ಹೋಳನ್ನು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

"ಬಾರೇ ಇಲ್ಲಿ. ಏನೋ ಕಮ್ಮಿ ಆಗಿದೆ, ನೋಡು."

ಐಶ್ವರ್ಯ ರುಚಿ ನೋಡಿದಳು. "ಚಿಟಿಕೆ ಸಕ್ಕರೆ ಬೇಕು ಅತ್ತೆ."

"ಹಾಕು."

ಆ ಬಾಣಲೆಗೆ ಇನ್ನೊಬ್ಬರ ಕೈಯಿಂದ ಏನಾದರೂ ಬಿದ್ದದ್ದು ಅದೇ ಮೊದಲು.

ಜಂಬಣ್ಣ ತಟ್ಟೆ ಒರೆಸಿದಂತೆ ತಿಂದು ಮುಗಿಸಿ, ಕೈ ತೊಳೆಯುತ್ತ ಕೇಳಿದ: "ಊರಲ್ಲಿ ಕೇಳಿದ್ರೆ ಏನ್ ಹೇಳ್ಲಿ ಅಕ್ಕಾ?"

"ಮೊದಲನೇದು ಉಪ್ಪಾಗಿತ್ತು ಅನ್ನು. ಎರಡನೇದನ್ನ ರುಚಿ ನೋಡಿ ಮಾಡಿದ್ಲು ಅನ್ನು." ಜಗದಾಂಬಾ ಐಶ್ವರ್ಯಳ ಕಡೆ ಕೈ ತೋರಿಸಿದರು. "ಇವಳೂ ನೋಡಿದ್ಲು ಅಂತ ಸೇರಿಸು."